ಮಗಳಿಗೆ ಮಿಸ್ ವರ್ಲ್ಡ್, ಮಿಸ್ ಯೂನಿವರ್ಸ್ ಆಸೆ: ಗೊತ್ತಿರುವವರು ದಾರಿ ಹೇಳಿ

ದಾವಣಗೆರೆಯಿಂದ ಒಬ್ಬ ತಾಯಿ ಕೇಳಿದ್ದು:
ಮಗಳು ಬಿಕಾಂ ಕೊನೆ ವರ್ಷದಲ್ಲಿದ್ದಾಳೆ. ಮಿಸ್ ವರ್ಲ್ಡ್, ಇಲ್ಲದಿದ್ದರೆ ಮಿಸ್ ಯೂನಿವರ್ಸ್‌ಗೆ ಹೋಗಲೇಬೇಕು ಅಂತಾಳೆ. ಒಂದು ಏಜೆನ್ಸಿಯವರು ಎರಡು ಲಕ್ಷ ಕಟ್ಟಿದರೆ ನೇರವಾಗಿ ವಿದೇಶದ ಸ್ಪರ್ಧೆಗೇ ಕಳಿಸುತ್ತೇವೆ ಎಂದಿದ್ದಾರೆ. ಅವಳ ಇಂಗ್ಲಿಷ್ ಅಷ್ಟಕ್ಕಷ್ಟೆ. ಈಜುಡುಗೆ ವಿಷಯಕ್ಕೆ ಮನೆಯಲ್ಲಿ ಅಜ್ಜಿ ಬೇಡವೇ ಬೇಡ ಅಂತಿದ್ದಾರೆ. ಅನುಭವ ಇದ್ದವರು ತಿಳಿಸಿ.

ಬೆಂಗಳೂರಿನಿಂದ, ರಾಜ್ಯಮಟ್ಟದಲ್ಲಿ ಸ್ಪರ್ಧಿಸಿದ್ದವಳು:
ಆಂಟಿ, ದಯವಿಟ್ಟು ಆ ದುಡ್ಡು ಕಟ್ಟಬೇಡಿ. ಈ ಎರಡು ಸ್ಪರ್ಧೆಗಳಿಗೂ ನೇರ ಪ್ರವೇಶ ಅನ್ನೋದೇ ಇಲ್ಲ. ಒಂದೊಂದು ದೇಶಕ್ಕೆ ಒಂದು ಸಂಸ್ಥೆಗೆ ಹಕ್ಕು ಕೊಟ್ಟಿರುತ್ತಾರೆ. ಆ ಸಂಸ್ಥೆ ನಡೆಸುವ ಸ್ಪರ್ಧೆಯಲ್ಲಿ ಗೆದ್ದವರೇ ಹೋಗಬೇಕು. ಮಿಸ್ ವರ್ಲ್ಡ್‌ಗೆ ಇಲ್ಲಿಂದ ದಾರಿ ಫೆಮಿನಾ ಮಿಸ್ ಇಂಡಿಯಾ. ಮಿಸ್ ಯೂನಿವರ್ಸ್‌ನ ಹಕ್ಕು 2024ರಿಂದ ಗ್ಲಾಮಾನಂದ್ ಅನ್ನೋ ಸಂಸ್ಥೆಯ ಬಳಿ ಇದೆ, ಅದಕ್ಕೂ ಮುಂಚೆ ಮಿಸ್ ದಿವಾ ಅನ್ನೋ ಸ್ಪರ್ಧೆಯ ಮೂಲಕ ಹೋಗುತ್ತಿದ್ದರು. ಹಕ್ಕು ಹೀಗೆ ಕೈ ಬದಲಾಗುತ್ತಲೇ ಇರುತ್ತದೆ. ಹಾಗಾಗಿ ಅರ್ಜಿ ಹಾಕುವ ವರ್ಷ ಅದು ಯಾರ ಹತ್ತಿರ ಇದೆ ಅಂತ ಮೂಲ ಸ್ಪರ್ಧೆಯವರ ಅಧಿಕೃತ ಪ್ರಕಟಣೆಯಲ್ಲೇ ನೋಡಿ. ಎತ್ತರ, ವಯಸ್ಸಿನ ನಿಯಮವನ್ನೂ ಅಲ್ಲೇ ಓದಿ. ನನ್ನ ಗೆಳತಿಯೊಬ್ಬಳು ಇಂಥದ್ದೇ ಒಂದು ಕಡೆ ದುಡ್ಡು ಕಟ್ಟಿದಳು. ಸಿಕ್ಕಿದ್ದು ಹೋಟೆಲ್ ಹಾಲ್‌ನಲ್ಲಿ ಒಂದು ಸಂಜೆ, ಒಂದು ಸ್ಯಾಶ್, ಒಂದು ಕಿರೀಟ. ಪಾಪ, ಅವರ ಅಪ್ಪ ಸಾಲ ಮಾಡಿದ್ದರು.

ಇಂಗ್ಲಿಷ್‌ಗೆ ಹೆದರಬೇಡಿ. ಅಂತರರಾಷ್ಟ್ರೀಯ ವೇದಿಕೆಯಲ್ಲಿ ಅನುವಾದಕರು ಇರುತ್ತಾರೆ. 2010ರಲ್ಲಿ ಮೆಕ್ಸಿಕೊದ ಹಿಮೇನಾ ನವರೇಟೆ ಕೊನೆಯ ಪ್ರಶ್ನೆಗೆ ಸ್ಪ್ಯಾನಿಷ್‌ನಲ್ಲೇ ಉತ್ತರ ಕೊಟ್ಟು ಮಿಸ್ ಯೂನಿವರ್ಸ್ ಆದರು. ಕಷ್ಟ ಇರುವುದು ಅರ್ಧ ನಿಮಿಷದಲ್ಲಿ ಹೇಳಬೇಕಾದ್ದನ್ನು ಹೇಳಿ ಮುಗಿಸೋದರಲ್ಲಿ. ದಿನಾ ಪೇಪರ್‌ನಿಂದ ಒಂದು ಸುದ್ದಿ ಆರಿಸಿ ಅವಳಿಗೆ ಪ್ರಶ್ನೆ ಕೇಳಿ, ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿ. ಮೊದಮೊದಲು ತನ್ನ ದನಿ ಕೇಳೋಕೇ ಅವಳಿಗೆ ಮುಜುಗರ ಆಗಬಹುದು. ಬಿಡಬೇಡಿ.

ಶಿವಮೊಗ್ಗದಿಂದ:
ನಮ್ಮ ಭದ್ರಾವತಿಯ ಆಶಾ ಭಟ್ 2014ರಲ್ಲಿ ಪೋಲೆಂಡ್‌ಗೆ ಹೋಗಿ ಮಿಸ್ ಸುಪ್ರನ್ಯಾಷನಲ್ ಅನ್ನೋ ಇನ್ನೊಂದು ಅಂತರರಾಷ್ಟ್ರೀಯ ಸ್ಪರ್ಧೆ ಗೆದ್ದರಲ್ಲ, ಆ ಕಿರೀಟ ಭಾರತಕ್ಕೆ ಬಂದಿದ್ದು ಅದೇ ಮೊದಲು. 2016ರಲ್ಲಿ ಮಂಗಳೂರು ಕಡೆಯ ಶ್ರೀನಿಧಿ ಶೆಟ್ಟಿ ಗೆದ್ದರು. ಇಬ್ಬರೂ ಎಂಜಿನಿಯರಿಂಗ್ ಓದಿದವರು. ಅಕ್ಕ, ಮಗಳು ಡಿಗ್ರಿ ಮುಗಿಸಲಿ. ಮಿಸ್ ಯೂನಿವರ್ಸ್‌ನಲ್ಲಂತೂ ಮೊದಲಿದ್ದ 28 ವರ್ಷದ ಮಿತಿಯನ್ನು 2024ರಿಂದ ತೆಗೆದೇ ಹಾಕಿದ್ದಾರೆ. ಇನ್ನೂ ಬೇಕಾದಷ್ಟು ಸಮಯ ಇದೆ.

ಮೈಸೂರಿನಿಂದ:
ಅಜ್ಜಿಗೆ ಹೇಳಿ, ಮಿಸ್ ವರ್ಲ್ಡ್‌ನವರು ಈಜುಡುಗೆ ಸುತ್ತನ್ನು 2015ರಿಂದ ಕೈಬಿಟ್ಟಿದ್ದಾರೆ. ಮಿಸ್ ಯೂನಿವರ್ಸ್‌ನಲ್ಲಿ ಇದೆ. 1996ರಲ್ಲಿ ಮಿಸ್ ವರ್ಲ್ಡ್ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲೇ ನಡೆದಾಗ ಎಷ್ಟು ಪ್ರತಿಭಟನೆ ಆಗಿತ್ತು ಅಂದರೆ, ಈಜುಡುಗೆ ಸುತ್ತನ್ನು ಸೆಶೆಲ್ಸ್ ಅನ್ನೋ ದ್ವೀಪ ದೇಶಕ್ಕೆ ಒಯ್ದರು. ಅಜ್ಜಿಗೆ ಆಗಿನ ಗಲಾಟೆ ನೆನಪಿರಬಹುದು. ಮಗಳು ಯಾವುದಕ್ಕೆ ಒಪ್ಪುತ್ತಾಳೆ, ಯಾವುದಕ್ಕೆ ಇಲ್ಲ ಅನ್ನೋದನ್ನು ಅರ್ಜಿ ಹಾಕುವ ಮುಂಚೆಯೇ ಅವಳೇ ತೀರ್ಮಾನಿಸಲಿ.

ಇನ್ನೊಂದು ಮಾತು. ಮಿಸ್ ವರ್ಲ್ಡ್‌ನಲ್ಲಿ ಸೇವಾ ಕೆಲಸಕ್ಕೆ ತುಂಬಾ ಬೆಲೆ. 2025ರಲ್ಲಿ ಹೈದರಾಬಾದ್‌ನಲ್ಲಿ ಗೆದ್ದ ಥಾಯ್ಲೆಂಡ್‌ನ ಓಪಲ್ ಸುಚಾತಾ ಸ್ತನ ಕ್ಯಾನ್ಸರ್ ಜಾಗೃತಿಗೆ ದುಡಿದವರು. 16ನೇ ವಯಸ್ಸಿನಲ್ಲಿ ಅವರಿಗೇ ಸ್ತನದಲ್ಲಿ ಗಡ್ಡೆ ಕಾಣಿಸಿಕೊಂಡಿತ್ತು. ಸುಮ್ನೆ ಫೋಟೊಗೆ ಅಂತ ಎರಡು ಗಿಡ ನೆಟ್ಟು ಬಂದರೆ ತೀರ್ಪುಗಾರರ ಎರಡನೇ ಪ್ರಶ್ನೆಗೇ ಗೊತ್ತಾಗಿಬಿಡುತ್ತದೆ.

ಹುಬ್ಬಳ್ಳಿಯಿಂದ, ಗೌನ್ ಹೊಲಿಯುವವರು:
ಬಟ್ಟೆಗೆ ಈಗಲೇ ಸಾವಿರಾರು ರೂಪಾಯಿ ಸುರಿಯಬೇಡಿ. ಹಾಕಿಕೊಳ್ಳುವ ಹೀಲ್ಸ್ ಮೊದಲು ಕೊಳ್ಳಿ, ಅದನ್ನು ಹಾಕಿ ನಿಂತ ಮೇಲೇ ಗೌನ್ ಅಳತೆ ಕೊಡಿಸಿ. ಮುಂದಿನ ಅಂಚು ನೆಲದಿಂದ ಅರ್ಧ ಇಂಚು ಮೇಲಿರಲಿ, ಇಲ್ಲವಾದರೆ ಮೆಟ್ಟಿಲು ಹತ್ತುವಾಗ ಕಾಲಿಗೆ ಸಿಕ್ಕಿಕೊಳ್ಳುತ್ತದೆ. ಮೆಟ್ಟಿಲು ಇಳಿಯೋದನ್ನೇ ಜಾಸ್ತಿ ಅಭ್ಯಾಸ ಮಾಡಿಸಿ, ಕೆಳಗೆ ನೋಡದೆ. ಪಾಸ್‌ಪೋರ್ಟ್ ಇಲ್ಲದಿದ್ದರೆ ಈಗಲೇ ಅರ್ಜಿ ಹಾಕಿಬಿಡಿ. ಹೆಸರು ಮಾರ್ಕ್ಸ್ ಕಾರ್ಡ್‌ಗೆ ಹೊಂದುವ ಹಾಗೆ ಇರಲಿ.