ಮುಂದಿನ ಕಾದಂಬರಿ: ಬೀದರ ಕೋಟೆಯೋ, ಗಂಜ್‌ನ ಕಿರ್ದಿ ಪುಸ್ತಕವೋ?

ಗಂಜ್ ಓಣಿ (ಕಲಬುರಗಿ):

ಮೊದಲ ಕಾದಂಬರಿ ಮುಗಿಸಿ ಒಂದು ವರ್ಷ ಆಯಿತು. ಎರಡನೆಯದಕ್ಕೆ ಎರಡು ವಸ್ತು ತಲೆಯಲ್ಲಿ ಕೂತಿವೆ. ಯಾವುದನ್ನು ಹಿಡಿಯಲಿ ಅಂತ ತಿಳಿಯುತ್ತಿಲ್ಲ.

ಒಂದು, ಬೀದರದ ಮಹಮೂದ್ ಗವಾನ್. ಪರ್ಷಿಯಾದಿಂದ ವ್ಯಾಪಾರಕ್ಕೆ ಬಂದವನು ಬಹಮನಿ ರಾಜ್ಯದ ವಜೀರನಾದ. 1472ರಲ್ಲಿ ಮದರಸಾ ಕಟ್ಟಿಸಿದ. ವೈರಿಗಳು ಖಾಲಿ ಕಾಗದದ ಮೇಲೆ ಅವನ ಮೊಹರು ಒತ್ತಿಸಿಕೊಂಡು, ಒಡಿಶಾದ ರಾಜನಿಗೆ ಬರೆದ ದ್ರೋಹದ ಪತ್ರ ಅಂತ ತೋರಿಸಿದರು. ಸುಲ್ತಾನ ನಂಬಿದ. 1481ರಲ್ಲಿ ಗವಾನನ ತಲೆ ಹೋಯಿತು. ಕಥೆ ತಾನಾಗಿಯೇ ಕಟ್ಟಿಕೊಂಡು ನಿಂತಿದೆ, ಅಲ್ವಾ?

ಇನ್ನೊಂದು ನಮ್ಮ ಮುತ್ಯಾ, ಅಂದರೆ ಅಜ್ಜ. ಗಂಜ್ ಅಂದರೆ ಇಲ್ಲಿನ ಧಾನ್ಯದ ಪೇಟೆ. ಅಲ್ಲಿಯ ತೊಗರಿ ಅಡತಿಯಲ್ಲಿ ಲೆಕ್ಕ ಬರೆಯುವ ಮುನೀಮರಾಗಿದ್ದರು. ನಿಜಾಮರ ಕಾಲದ ಶಾಲೆಯಲ್ಲಿ ಉರ್ದು ಕಲಿತವರು. ಮನೆಯಲ್ಲಿ ಕನ್ನಡ, ಅಂಗಡಿಯ ಲೆಕ್ಕ ಉರ್ದು. 1956ರಲ್ಲಿ ಕಲಬುರಗಿ ಮೈಸೂರು ರಾಜ್ಯಕ್ಕೆ ಸೇರಿದಾಗ ಅವರಿಗೆ ಮೂವತ್ತೈದು ದಾಟಿತ್ತು. ನಮ್ಮಪ್ಪನ ಅಂಕಲಿಪಿ ಇಟ್ಟುಕೊಂಡು ರಾತ್ರಿ ಕಂದೀಲಿನ ಮುಂದೆ ಅ, ಆ ತಿದ್ದುತ್ತಿದ್ದರಂತೆ. ಅವರು ದಿನದ ಲೆಕ್ಕ ಬರೆದ ಒಂದು ಕಿರ್ದಿ ಪುಸ್ತಕ ನನ್ನ ಹತ್ತಿರ ಇದೆ. ಕೆಂಪು ಬಟ್ಟೆಯ ರಟ್ಟು. ಹೊಲಿಗೆಯ ಸಂದಿಯಲ್ಲಿ ಈಗಲೂ ಒಂದೆರಡು ತೊಗರಿ ಕಾಳು ಸಿಕ್ಕಿಕೊಂಡಿವೆ. ಮನೆಯಲ್ಲಿ ಯಾರಿಗೂ ಅದನ್ನು ಓದಲು ಬರುವುದಿಲ್ಲ.

ಇದರ ಮೇಲೆಯೇ ಪ್ರೀತಿ ಜಾಸ್ತಿ. ಆದರೆ ಇದರಲ್ಲಿ ಯುದ್ಧ ಇಲ್ಲ, ಪಿತೂರಿ ಇಲ್ಲ. ಒಬ್ಬ ಮುನೀಮನ ಜೊತೆ ಓದುಗರು ಮುನ್ನೂರು ಪುಟ ಬರುತ್ತಾರಾ?

ಕೋಟೆ ಮಣ್ಣು (ಬೀದರ):

ಅಕ್ಕ, ನಾನು ದಿನಾ ಆ ಮದರಸಾದ ಮುಂದೆಯೇ ಹೋಗುತ್ತೇನೆ. ಎರಡು ಮಿನಾರದಲ್ಲಿ ಒಂದೇ ಉಳಿದಿದೆ. ನಮ್ಮವರಿಗೆ ಗವಾನ್ ಮೇಲೆ ಕಾದಂಬರಿ ಬಂದರೆ ಖುಷಿಯೇ. ಆದರೆ ವಜೀರನನ್ನು ನಡುವೆ ನಿಲ್ಲಿಸಬೇಡಿ. ಆ ಮೊಹರು ಒತ್ತಿದ ಆಳು ಯಾರು? ಅವನು ಅವತ್ತು ಮನೆಗೆ ಹೋಗಿ ಊಟ ಮಾಡಿದನಾ? ನನಗೆ ಅದು ಬೇಕು.

ಮತ್ತೆ, ಇಲ್ಲಿ ಬಂದು ಒಂದು ತಿಂಗಳಾದರೂ ಇರಿ. ನಮ್ಮ ಮಾವ ಬಿದ್ರಿ ಕೆಲಸದವರು, ಸತುವಿನ ಸಾಮಾನಿನಲ್ಲಿ ಬೆಳ್ಳಿಯ ಚಿತ್ತಾರ ಕೂಡಿಸುತ್ತಾರೆ. ಕೋಟೆಯ ಮಣ್ಣನ್ನು ನಾಲಿಗೆಗೆ ಹಚ್ಚಿ ನೋಡಿಯೇ ತೆಗೆದುಕೊಳ್ಳುತ್ತಾರೆ. ಅದನ್ನು ನವಸಾಗರದ ಜೊತೆ ಕಲಸಿ ಹಚ್ಚಿದರೆ ಸತುವು ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಬೆಳ್ಳಗೇ ಉಳಿಯುತ್ತದೆ. ಇಂಥದ್ದು ದೂರದಲ್ಲಿ ಕೂತು ಓದಿದರೆ ಸಿಗುವುದಿಲ್ಲ. ಮನೆಗೆ ಬನ್ನಿ, ಮಾವನ ಹತ್ತಿರ ಕೂಡಿಸುತ್ತೇನೆ.

ಭೀಮಾ ದಂಡೆ (ಯಾದಗಿರಿ):

ತಂಗಿ, ನಾನು ಕಂದಾಯ ಇಲಾಖೆಯಿಂದ ನಿವೃತ್ತ. ನಿಜಾಮರ ಕಾಲದ ಕಾಗದ ನೋಡಿ ನೋಡಿ ಕಣ್ಣು ಪಳಗಿದೆ. ಪಿತೂರಿ ಇಲ್ಲ ಅಂದೆಯಲ್ಲ, ಮೊದಲು ಆ ಕಿರ್ದಿ ಓದಿಸು. ಆಮೇಲೆ ಹೇಳು.

ತಾರೀಖು ಫಸಲಿ ವರ್ಷದಲ್ಲಿ, ಅಂದರೆ ನಿಜಾಮರ ಸರ್ಕಾರದ ಕಂದಾಯದ ವರ್ಷದಲ್ಲಿ ಇರುತ್ತದೆ. 590 ಕೂಡಿಸಿದರೆ ಆ ಫಸಲಿ ಶುರುವಾದ ಇಸವಿ ಸಿಗುತ್ತದೆ. ವರ್ಷ ಶುರುವಾಗುವುದು ಅಕ್ಟೋಬರ್‌ನಲ್ಲಿ, ಅದನ್ನು ಮರೆಯಬೇಡ. ರೂಪಾಯಿ ಅಂದರೆ ಹಾಲಿ ಸಿಕ್ಕಾ, ನಿಜಾಮರ ನಾಣ್ಯ. ಭಾರತದ 6 ರೂಪಾಯಿಗೆ ಹಾಲಿ 7. ಅದು 1959ರವರೆಗೆ ನಡೆಯಿತು. ಅಂದರೆ ನಿನ್ನ ಮುತ್ಯಾ ಕೆಲವು ವರ್ಷ ಎರಡೆರಡು ರೂಪಾಯಿ ಲೆಕ್ಕ ಹಾಕಿದ್ದಾರೆ. ಒಂದೇ ಜೀವದಲ್ಲಿ ಪಂಚಾಂಗ, ರೊಕ್ಕ, ಲಿಪಿ ಮೂರೂ ಬದಲಾದವು. ಇಷ್ಟು ಸಾಲದೇನವ್ವಾ?

ಓದುವಾಗ ಹುಷಾರು. ಅಂಕಿಗಳನ್ನು ರಕಮ್ ಅನ್ನುವ ಹಳೆಯ ಲೆಕ್ಕಿಗರ ಗುರುತಿನಲ್ಲಿ ಬರೆದಿದ್ದರೆ ಇವತ್ತಿನ ಉರ್ದು ಬಲ್ಲವರಿಗೂ ತಿಳಿಯುವುದಿಲ್ಲ. ಹಳಬರನ್ನೇ ಹುಡುಕು.

ಮಳೆ ನಕ್ಷತ್ರ (ಬೆಂಗಳೂರು, ಊರು ಶಹಾಪುರ):

ನನ್ನ ಮತ ಮುನೀಮರಿಗೆ. ನಮ್ಮ ಕಡೆಯ ಕಥೆ ಅಂದರೆ ಬರ, ಗುಳೆ, ಇಲ್ಲವೆಂದರೆ ಸುಲ್ತಾನರು. ಗಂಜ್‌ನಲ್ಲಿ ಕೂತು ತೂಕ ಬರೆದವರ ಬಗ್ಗೆ ನಾನಂತೂ ಓದಿಲ್ಲ.

ಗಂಜ್ ಓಣಿ:

ಎಲ್ಲರಿಗೂ ಶರಣು. ಹತ್ತು ದಿನ ಸುಮ್ನೆ ಇದ್ದೆ, ಕ್ಷಮಿಸಿ. ಭೀಮಾ ದಂಡೆ ಕಾಕಾ ಹೇಳಿದ ಹಾಗೆ ನಮ್ಮ ಓಣಿಯ ಒಬ್ಬ ಹಿರಿಯ ಉರ್ದು ಮಾಸ್ತರರ ಹತ್ತಿರ ಪುಸ್ತಕ ಒಯ್ದೆ. ಅವರು ದರ್ಗಾದ ಹತ್ತಿರ ಇರುತ್ತಾರೆ, ರಕಮ್ ಬರುತ್ತದೆ. ಮೂರು ಸಂಜೆ ಕೂತು ಓದಿದರು. ಚೀಲ, ತೂಕ, ದರ, ಹಮಾಲರ ಕೂಲಿ, ಒಂದು ದಿನವೂ ತಪ್ಪಿಲ್ಲ. 1357 ಫಸಲಿಯ ಕೊನೆಯ ತಿಂಗಳಿಗೆ ಬಂದಾಗ ಮಾಸ್ತರರು ನಿಂತರು. ಹನ್ನೊಂದು ದಿನದ ಜಾಗ ಖಾಲಿ. ಲೆಕ್ಕ ಹಾಕಿದೆವು: ಸೆಪ್ಟೆಂಬರ್ 1948. ಭಾರತದ ಸೈನ್ಯ ಹೈದರಾಬಾದ್ ಸಂಸ್ಥಾನಕ್ಕೆ ಬಂದ ದಿನಗಳು. ಆಮೇಲೆ ಅದೇ ಕೈ, ಅದೇ ಮಸಿ, ತೊಗರಿ 14 ಚೀಲ.

ಮಾಸ್ತರರೂ ಏನೂ ಮಾತಾಡಲಿಲ್ಲ. ಚಹಾ ತರಿಸಿದರು.

ಗವಾನನನ್ನು ಬೀದರದವರಿಗೇ ಬಿಟ್ಟೆ. ಕೋಟೆ ಮಣ್ಣು ಅವರೇ, ಆ ಮೊಹರಿನ ಆಳಿನ ಕಥೆ ನೀವೇ ಬರೆಯಿರಿ. ನಾನು ಆ ಹನ್ನೊಂದು ದಿನಗಳಿಂದ ಶುರು ಮಾಡುತ್ತೇನೆ. ಮುತ್ಯಾನ ಕೊನೆಯ ತಂಗಿ ಆಳಂದದಲ್ಲಿದ್ದಾರೆ. ಆಗ ಹತ್ತು ವರ್ಷದ ಹುಡುಗಿ, ಈಗಲೂ ನೆನಪು ಗಟ್ಟಿ. ಭಾನುವಾರ ಬೆಳಗಿನ ಬಸ್ಸಿಗೆ ಹೊರಡುತ್ತಿದ್ದೇನೆ, ಕಿರ್ದಿ ಪುಸ್ತಕವನ್ನೂ ಒಯ್ಯುತ್ತೇನೆ.