ಕಸದ ದಿಬ್ಬದ ಕಪ್ಪು ನೀರು ಪಕ್ಕದ ಹೊಲಕ್ಕೆ ಹೋಗ್ತಿದೆ, ಏನು ಮಾಡೋದು?

ಕೇಳಿದವರು (ಕಲಬುರಗಿ ಜಿಲ್ಲೆ): ಸಣ್ಣ ಊರಿನ ಕಸದ ಜಾಗ ನೋಡಿಕೊಳ್ಳುವ ಕೆಲಸ ನನ್ನದು. ಎರಡು ಎಕರೆ, ಎರಿ ಭೂಮಿ (ಕಪ್ಪು ಜಿಗುಟು ಮಣ್ಣು). ಹೋದ ವರ್ಷ ಒಂದೇ ಮಳೆಗೆ ದಿಬ್ಬದ ಮೇಲಿನ ಮಣ್ಣು ಕೊಚ್ಚಿ ಹೋಯಿತು. ಕಸದಿಂದ ಇಳಿಯುವ ಕಪ್ಪು ನೀರಿನ (ಲೀಚೆಟ್) ಹೊಂಡ ಉಕ್ಕಿ ಪಕ್ಕದ ತೊಗರಿ ಹೊಲಕ್ಕೆ ನುಗ್ಗಿತು. ಹೊಂಡ ದೊಡ್ಡದು ಮಾಡಿಸಬೇಕು ಅಂತಿದ್ದೇನೆ. ಮಾಡಿದವರು ಹೇಳಿ.

ಯಾದಗಿರಿಯಿಂದ: ಸರ್, ಹೊಂಡಕ್ಕೆ ಈಗಲೇ ಕೈ ಹಾಕಬೇಡಿ. ನಾವು ಅದೇ ಮಾಡಿ ಕೈ ಸುಟ್ಟುಕೊಂಡೆವು. ಹೊಂಡ ದೊಡ್ಡದಾದಷ್ಟು ಅದರ ಮೇಲೆ ಬೀಳುವ ಮಳೆಯೂ ಜಾಸ್ತಿ, ಅಲ್ವಾ? ಒಂದು ಎಕರೆ ಮೇಲೆ 50 ಮಿ.ಮೀ. ಮಳೆ ಬಿದ್ದರೆ ಸುಮಾರು 2 ಲಕ್ಷ ಲೀಟರ್. ಅಂದರೆ 5,000 ಲೀಟರಿನ 40 ಟ್ಯಾಂಕರ್. ಯಾವ ಹೊಂಡಕ್ಕೆ ತಡೆಯುತ್ತದೆ?

ಮಳೆ ಬರುವಾಗಲೇ ಕೊಡೆ ಹಿಡಿದು ಹೋಗಿ ನಿಂತು ನೋಡಿ. ನಮ್ಮಲ್ಲಿ ಅರ್ಧ ನೀರು ಮೇಲಿನ ಹೊಲದಿಂದ, ರಸ್ತೆಯಿಂದ ಹರಿದು ಬಂದು ಕಸಕ್ಕೆ ಸೇರುತ್ತಿತ್ತು. ಮೇಲ್ಗಡೆ ಒಡ್ಡು ಹಾಕಿ, ಸುತ್ತ ಕಾಲುವೆ ತೆಗೆಸಿದೆವು. ಒಳ್ಳೆ ನೀರಿನ ಕಾಲುವೆ ಬೇರೆ, ಕಪ್ಪು ನೀರಿನದು ಬೇರೆ. ಎರಡೂ ಒಂದು ಕಡೆ ಕೂಡಿದರೂ ಎಲ್ಲವೂ ಕಪ್ಪು ನೀರೇ. ಈ ವರ್ಷ ಕಸ ಹಾಕದ ಭಾಗಕ್ಕೆ ತಾಡಪತ್ರಿ ಹೊದಿಸಿದೆವು. ಹಳೆ ಹೊಂಡವೇ ಸಾಕಾಯಿತು.

ಸೇಡಂ ಕಡೆಯ ಗುತ್ತಿಗೆದಾರ: ಮಣ್ಣಿನ ವಿಷಯ ನಾನು ಹೇಳುತ್ತೇನೆ. ಬರೀ ಎರಿ ಮಣ್ಣು ಹೊದಿಸಿದ್ದೀರಾ? ಮೇ ತಿಂಗಳಲ್ಲಿ ಹೋಗಿ ನೋಡಿ, ಬಿರುಕಿನಲ್ಲಿ ಕೈ ಮೊಣಕೈವರೆಗೆ ಇಳಿಯುತ್ತದೆ. ಮೊದಲ ಮಳೆ ಸೀದಾ ಆ ಬಿರುಕಿನಿಂದ ಕಸದೊಳಗೆ. ಆಮೇಲೆ ಮಣ್ಣು ಉಬ್ಬಿ ಮುಚ್ಚಿಕೊಳ್ಳುತ್ತದೆ, ಆಗ ಮೇಲಿನ ನೀರು ಮಣ್ಣನ್ನೇ ಹೊತ್ತು ಇಳಿಯುತ್ತದೆ. ನಾನು ಕೆಳಗೆ ಎರಿ ಮಣ್ಣು ದಮ್ಮಸ್ಸು ಹೊಡೆಸಿ, ಮೇಲೆ ಒಂದು ಅಡಿ ಮುರುಮು (ಗರಸು ಮಣ್ಣು) ಹಾಕಿಸಿದೆ. ಕೆಳಗಿನದು ಅಷ್ಟು ಒಣಗುವುದಿಲ್ಲ, ಬಿರುಕೂ ಕಡಿಮೆ.

ಇಳಿಜಾರು ಮೂರಕ್ಕೆ ಒಂದಕ್ಕಿಂತ (ಮೂರು ಅಡಿ ಅಡ್ಡಕ್ಕೆ ಒಂದು ಅಡಿ ಎತ್ತರ) ಕಡಿದು ಬೇಡ. ತೊಗರಿ ಕಟ್ಟಿಗೆ ನಮ್ಮಲ್ಲಿ ಬೇಕಾದಷ್ಟು ಸಿಗುತ್ತದಲ್ಲ, ಅದನ್ನು ಉದ್ದುದ್ದ ಹೊರೆ ಕಟ್ಟಿ ಇಳಿಜಾರಿಗೆ ಅಡ್ಡ ಮಲಗಿಸಿ, ಗೂಟ ಹೊಡೆಯಿರಿ. ನಮ್ಮ ದಿಬ್ಬದಲ್ಲಿ ಒಂದೇ ಮಳೆಗೆ ಒಂದೊಂದು ಹೊರೆಯ ಹಿಂದೆ ಗೇಣುದ್ದ ಮಣ್ಣು ನಿಂತಿತ್ತು. ಅಲ್ಲೇ ಕರಿಕೆ ಹುಲ್ಲು ನೆಟ್ಟೆವು. ಬಳ್ಳಾರಿ ಜಾಲಿ ಮಾತ್ರ ಎದ್ದರೆ ಕಿತ್ತುಬಿಡಿ, ಬೇರು ಹೊದಿಕೆಯನ್ನು ತೂತು ಮಾಡುತ್ತದೆ. ಮಿರಗ (ಮೃಗಶಿರಾ ಮಳೆ) ಕೂಡುವ ಮುಂಚೆ ಎಲ್ಲ ಮುಗಿಯಲಿ. ಮಳೆಗಾಲಕ್ಕೆ ಮೊದಲು 40ರಿಂದ 65 ಸೆಂ.ಮೀ. ಮಣ್ಣು ಹೊದಿಸಬೇಕು ಅಂತ 2016ರ ಘನತ್ಯಾಜ್ಯ ನಿಯಮದಲ್ಲೂ ಇತ್ತು.

ಬೀದರ್‌ನಿಂದ: ನಿಮ್ಮ ಕಪ್ಪು ನೀರು ಕಣ್ಣಿಗಾದರೂ ಕಾಣುತ್ತದೆ. ನಮ್ಮದು ಜಂಬಿಟ್ಟಿಗೆ ನೆಲ, ಸುಮ್ನೆ ಒಳಗೆ ಇಳಿದುಬಿಡುತ್ತದೆ. ಇಲ್ಲಿನ ನೌಬಾದಿನ ಹಳೆ ಸುರಂಗ ಬಾವಿ (ನೆಲದಡಿಯ ನೀರಿನ ಕಾಲುವೆ) ನೋಡಿದವರಿಗೆ ಈ ಕಲ್ಲಿನೊಳಗೆ ನೀರು ಹೇಗೆ ಓಡಾಡುತ್ತದೆ ಅಂತ ಗೊತ್ತು. ಅದಕ್ಕೇ ಇಲ್ಲಿ ಕಸದ ಕೆಳಗೆ ಒಂದೂವರೆ ಮಿ.ಮೀ. ಪ್ಲಾಸ್ಟಿಕ್ ಹಾಳೆ, ಅದರ ಕೆಳಗೆ 90 ಸೆಂ.ಮೀ. ಜೇಡಿಮಣ್ಣು ಬೇಕೇ ಬೇಕು. ನಾವು ಹಾಸಿದ ಹಾಳೆಯನ್ನು ಜೆಸಿಬಿಯ ಹಲ್ಲು ಮೊದಲ ವಾರವೇ ಹರಿಯಿತು, ಆ ಮಾತು ಬೇರೆ. ಸುತ್ತಲಿನ ಬಾವಿ ನೀರು ಮಳೆಗೆ ಮುಂಚೆ ಒಮ್ಮೆ, ಆಮೇಲೆ ಒಮ್ಮೆ ಪರೀಕ್ಷೆ ಮಾಡಿಸಿ.

ಕೇಳಿದವರು: ಹೊಂಡದ ನೀರು ಬೇಸಿಗೆಯಲ್ಲಿ ಹೊಲಕ್ಕೆ ಬಿಡಿ ಅಂತ ಪಕ್ಕದ ರೈತರೇ ಕೇಳುತ್ತಿದ್ದಾರೆ. ಕಾಲುವೆಗೆ ಶಹಾಬಾದ್ ಫರಸಿ ಕಲ್ಲಿನ ಚೂರು ಹಾಕಬಹುದಾ? ಪುಕ್ಕಟೆ ಸಿಗುತ್ತದೆ.

ಯಾದಗಿರಿಯಿಂದ: ಹೊಲಕ್ಕೆ ಬೇಡ ಸರ್. ಉಪ್ಪು ಜಾಸ್ತಿ, ಎರಿ ಭೂಮಿ ಗಟ್ಟಿಯಾಗಿಬಿಡುತ್ತದೆ. ಕೆಳಗೆ ಹಾಳೆ ಹಾಸಿದ ಕಸದ ಮೇಲೆ ಬೇಸಿಗೆಯಲ್ಲಿ ಸ್ವಲ್ಪ ಸ್ವಲ್ಪ ಚಿಮುಕಿಸಿ, ಬಿಸಿಲಿಗೆ ಆರುತ್ತದೆ. ಹಾಳೆ ಇಲ್ಲದಿದ್ದರೆ ಅದೂ ಬೇಡ.

ಗುತ್ತಿಗೆದಾರ: ಫರಸಿ ಒಳ್ಳೆ ನೀರಿನ ಕಾಲುವೆಗೆ ಹಾಕಿ. ಇಳಿಜಾರಿನಿಂದ ನೀರು ಧುಮುಕುವ ಕಡೆ ದಪ್ಪಗೆ ಹಾಸಿ. ಕಪ್ಪು ನೀರಿನ ಕಾಲುವೆಗೆ ಬೇಡ. ಅದು ಸುಣ್ಣದ ಕಲ್ಲು, ಹೊಸ ಕಸದ ನೀರು ಹುಳಿ, ಕಲ್ಲನ್ನು ತಿನ್ನುತ್ತದೆ. ಅಲ್ಲಿಗೆ ಕರಿಕಲ್ಲಿನ ಜಲ್ಲಿ ತರಿಸಿ.