ಕೂಸಿನ ನರ್ಸಿಂಗ್ ಸೀಟು ಬಿಡಿಸಬೇಡ

ಹಾಂ ತಂಗಿ, ಕೇಳ್ತಾ ಇದ್ಯಾ, ನಂಗೆ ಟೈಪ್ ಮಾಡೂಕೆ ಕಣ್ಣು ಕಾಣೂದಿಲ್ಲ, ಮಾತಾಡ್ತೇನೆ, ಫೋನೇ ಬರ್ಕೊಳ್ತದೆ. ಮನೆಯವರ ಗ್ರೂಪಲ್ಲಿ ನಿನ್ನ ಮೆಸೇಜು ಬೆಳಿಗ್ಗೆನೇ ನೋಡ್ದೆ, ನಿನ್ನ ಮಗಳಿಗೆ, ನಮ್ಮ ಕೂಸಿಗೆ, ನರ್ಸಿಂಗ್ ಸೀಟು ಸಿಕ್ಕಿದೆ, ಆದ್ರೆ ರಕ್ತ ಕಂಡ್ರೆ ಸೂಜಿ ಕಂಡ್ರೆ ತಲೆ ತಿರುಗಿ ಬೀಳ್ತದೆ, ಸೀಟು ಬಿಡಿಸೂದಾ ಎಂತ ಮಾಡೂದು ಅಂತ. ಅದಕ್ಕೆ ಯಲ್ಲಾಪುರದ ಅತ್ತಿಗೆ, ಕಣ್ಮುಚ್ಚಿ ಉಸಿರು ಎಳ್ಕೊಂಡು ಮೈ ಸಡಿಲ ಬಿಡೂಕೆ ಹೇಳು ಅಂತ ಬರ್ದಿದ್ದು, ಅದಕ್ಕೆ ನಾಕು ಜನ ಕೈಮುಗಿಯೋ ಚಿತ್ರ ಬೇರೆ. ಅದೊಂದು ಮಾಡಿಸಬೇಡಿ ಮಾರಾಯ್ರೆ. ರಕ್ತದ ಹೆದರಿಕೆಗೆ ಮೈ ಸಡಿಲ ಬಿಡೂದು ಅಂದ್ರೆ ಬೀಳೂಕೆ ದಾರಿ ಮಾಡ್ಕೊಟ್ಟಂಗೆ.

ನನ್ನ ಎದುರಿನ ಎರಡು ಹಲ್ಲು ಯಾಕೆ ಕಟ್ಟಿಸಿದ್ದು ಅಂತ ದೊಡ್ಡವರಿಗೆಲ್ಲ ಗೊತ್ತಿದ್ದಿದ್ದೇ, ಸಣ್ಣವರು ಕೇಳ್ಕೊಳಿ. ಈ ರಕ್ತದ ಹೆದರಿಕೆ ನಮ್ಮ ಮನೆತನಕ್ಕೇ ಉಂಟು, ಅಪ್ಪಯ್ಯಂಗೂ ಇತ್ತು. ಮಳೆಗಾಲದಲ್ಲಿ ತೋಟಕ್ಕೆ ಹೋಗಿ ಬಂದ್ರೆ ಉಂಬಳ ಕಚ್ಚಿದ ಕಾಲು ನಾನು ನೋಡ್ತಾನೇ ಇರ್ಲಿಲ್ಲ, ಆಯಿನೇ ಸುಣ್ಣ ಮುಟ್ಟಿಸಿ ಬಿಡಿಸಿ ತೊಳೀತಿತ್ತು, ಆ ರಕ್ತ ಬೇಗ ನಿಲ್ಲೂದೂ ಇಲ್ಲ ನೋಡು. ಆಮೇಲೆ ಮದುವೆ ಆದ ಹೊಸತರಲ್ಲಿ ಜ್ವರ ಬಂದು ರಕ್ತ ಟೆಸ್ಟಿಗೆ ಹೋದೆ, ಯಾವ ದವಾಖಾನೆ ಅಂತ ಹೇಳೂದಿಲ್ಲ, ಅಲ್ಲಿಯ ಕಂಪೌಂಡರು ನನ್ನ ಮುಖ ನೋಡಿ, ಹೆದರ್ಬೇಡ ಮಾಣಿ, ಕಣ್ಮುಚ್ಚು, ಮೈ ಪೂರಾ ಸಡಿಲ ಬಿಡು ಅಂದ. ಕೂರಿಸಿದ್ದು ಸ್ಟೂಲಿನ ಮೇಲೆ, ಬೆನ್ನಿಗೆ ಆಧಾರ ಇಲ್ಲ. ಅವ ಹೇಳಿದಂಗೇ ಬಿಟ್ಟೆ. ಎಚ್ಚರ ಆದಾಗ ಸಿಮೆಂಟ್ ನೆಲದ ಮೇಲಿದ್ದೆ, ಬಾಯಿ ತುಂಬ ರಕ್ತ, ಅದನ್ನ ನೋಡಿ ಮತ್ತೊಂದು ಸಲ ಮೂರ್ಛೆ ಹೋದೆ. ಹೆಗಡೆಕಟ್ಟಾ ಭಾವ ಇವತ್ತಿಗೂ ಪಂಕ್ತಿಲಿ ಕೋಕಂ ಬಡಿಸೂಕೆ ಬಂದ್ರೆ, ಇವಂಗೆ ಬೇಡ, ಕೆಂಪಗಿದೆ ಅಂತ ನಗಾಡ್ತ.

ಬೆಂಗಳೂರಿನ ಸೊಸೆ ಸೈಕಾಲಜಿ ಓದಿದವಳಲ್ದಾ, ಅವಳು ಬಿಡಿಸಿ ಹೇಳಿದ್ಮೇಲೆ ನಂಗೆ ಗೊತ್ತಾಗಿದ್ದು. ನಾಯಿ, ಹಾವು, ಎತ್ತರ ಈ ಹೆದರಿಕೆಗಳಲ್ಲಿ ಎದೆಬಡಿತ ಏರ್ತದೆ, ಬಿಪಿ ಏರ್ತದೆ, ಮೂರ್ಛೆ ಹೋಗೂದು ಅಪರೂಪ. ಅಲ್ಲಿ ಮೈ ಸಡಿಲ ಮಾಡಿಸಿ ಸ್ವಲ್ಪ ಸ್ವಲ್ಪ ಎದುರಿಸೂಕೆ ಕಲಿಸೂದು ಸರಿನೇ, ಜೋಸೆಫ್ ವೋಲ್ಪ್ ಅಂತ ದಕ್ಷಿಣ ಆಫ್ರಿಕಾದ ಡಾಕ್ಟರು 1958ರಲ್ಲೇ ಆ ಪದ್ಧತಿ ಪುಸ್ತಕ ಮಾಡಿ ಬರ್ದಿಟ್ಟಿದ್ರಂತೆ. ರಕ್ತದ್ದು ಬೇರೆ. ಮೊದಲು ಏರಿದ ಬಿಪಿ ಆಮೇಲೆ ಧಡಕ್ಕನೆ ಇಳೀತದೆ, ಕರೆಂಟು ಹೋದಾಗ ತೋಟದ ಸ್ಪ್ರಿಂಕ್ಲರ್ ಕುಗ್ತದಲ್ಲ ಹಂಗೆ, ತಲೆಗೆ ರಕ್ತ ಸಾಲೂದಿಲ್ಲ. ಅಂಥ ಹೊತ್ತಲ್ಲಿ ಮತ್ತೂ ಸಡಿಲ ಬಿಟ್ರೆ ಎಂತ ಆಗ್ತದೆ? ಅದಕ್ಕೇ ಇನ್ನೊಂದ್ಸಲ ಹೇಳ್ತೆ, ಕೂಸಿಗೆ ಮೈ ಸಡಿಲ ಬಿಡು ಅಂತ ಯಾರೂ ಹೇಳಬೇಡಿ, ಅತ್ತಿಗೆ ನೀನೂ ಸೈತ.

ಇಷ್ಟು ಸಣ್ಣ ವಿಷಯ ಹೇಳೂಕೆ ನಮಗೆ ಬೆಂಗಳೂರು ಸೊಸೆ ಬೇಕಾಯ್ತು ನೋಡು. ಕದ್ರಾ ಡ್ಯಾಮಿಗೆ ಜಾಗ ಕೊಟ್ಟಿದ್ದು ನಾವು, ಕೈಗಾ ಅಣು ಸ್ಥಾವರಕ್ಕೆ ಕೊಟ್ಟಿದ್ದು ನಾವು, ಸೀಬರ್ಡ್ ನೌಕಾನೆಲೆಗೆ ಕೊಟ್ಟಿದ್ದು ನಮ್ಮ ಉತ್ತರ ಕನ್ನಡ ಜಿಲ್ಲೆ, ಒಂದು ದೊಡ್ಡ ಆಸ್ಪತ್ರೆ ಕೇಳಿದ್ರೆ ಮಾತ್ರ ಇಲ್ಲ. ತಲೆಗೆ ಪೆಟ್ಟಾದ್ರೆ ಮಣಿಪಾಲ, ಹಾರ್ಟಾದ್ರೆ ಹುಬ್ಬಳ್ಳಿ, ಕಾರವಾರದವರು ಗೋವಾಕ್ಕೆ ಓಡೂದು, ನಾವು ಶಿರಸಿಯವರು ದೇವಿಮನೆ ಘಟ್ಟ ಇಳಿಯೂಕೆ ರಸ್ತೆ ಬಿಟ್ಟಿದ್ದಾರಾ ಅಂತ ಮೊದಲು ಫೋನ್ ಮಾಡಿ ಕೇಳೂದು. ಇಲೆಕ್ಷನ್ ಬಂತು ಅಂದ್ರೆ ಎಲ್ರೂ ಜಗುಲಿಗೆ ಬಂದು ಆಸ್ಪತ್ರೆ ಆಗೇ ಆಗ್ತದೆ ಅಂತ ಹೇಳಿ ಕವಳ ಹಾಕ್ಕೊಂಡು ಹೋಗ್ತ್ರು. ಹೋಗ್ಲಿ ಬಿಡು, ನನ್ನ ಬಿಪಿ ಏರ್ತದೆ ಈಗ.

ಅಯ್ಯೋ, ಮಾಡೂದು ಎಂತ ಅಂತ ಹೇಳೇ ಇಲ್ಲ ಅಲ್ದಾ. ಸಡಿಲ ಬಿಡೂದರ ಬದ್ಲು ಮೈ ಬಿಗಿ ಹಿಡಿಯೂದು, ಸ್ವೀಡನ್ನಿನ ಓಸ್ಟ್ ಅನ್ನೋ ಸೈಕಾಲಜಿಸ್ಟು 1980ರ ದಶಕದಲ್ಲಿ ಈ ಪದ್ಧತಿ ರೂಢಿಗೆ ತಂದಿದ್ದಂತೆ. ಕುರ್ಚಿಲಿ ಕೂತು ಕೈ, ಹೊಟ್ಟೆ, ತೊಡೆ ಎಲ್ಲ ಬಿಗಿ ಹಿಡಿಯೂದು, ಮುಖ ಬೆಚ್ಚಗಾಗೂವರೆಗೆ, 10-15 ಸೆಕೆಂಡು. ಆಮೇಲೆ ಬಿಡೂದು, ಪೂರಾ ಜೋತು ಬೀಳೂದಲ್ಲ, ಮಾಮೂಲಿ ಕೂತಂಗೆ, 20-30 ಸೆಕೆಂಡು. ಹಿಂಗೆ 5 ಸಲ, ದಿನಾ. ತಲೆನೋವು ಬಂದ್ರೆ ಅಷ್ಟು ಬಿಗಿ ಬೇಡ, ಹಾರ್ಟು ಬಿಪಿ ತೊಂದ್ರೆ ಇದ್ದವರು ಡಾಕ್ಟರ್ ಕೇಳ್ಕೊಂಡೇ ಮಾಡೂದು. ಅದು ರೂಢಿ ಆದ್ಮೇಲೆ ಬಿಗಿ ಹಿಡ್ಕೊಂಡೇ ಮೊದ್ಲು ರಕ್ತದ ಫೋಟೋ ನೋಡೂದು, ಆಮೇಲೆ ವಿಡಿಯೋ, ಆಮೇಲೆ ಖಾಲಿ ಸಿರಿಂಜು ಕೈಲಿ ಹಿಡಿಯೂದು, ಕಡೆಗೆ ಬೇರೆಯವರ ರಕ್ತ ತೆಗೆಯೂದು ನೋಡೂದು. ಒಂದು ಸಲೀಸಾದ್ಮೇಲೇ ಮುಂದಿಂದು, ಮಧ್ಯ ಕಣ್ಮುಚ್ಚಿ ಓಡಿ ಬರೂದಲ್ಲ, ಓಡಿದಷ್ಟೂ ಹೆದರಿಕೆ ಬೆಳೀತದೆ. ಅವಳಿಗೇ ಸೂಜಿ ಚುಚ್ಚಿಸೂದಾದ್ರೆ ಮಲಗಿಸಿ ಚುಚ್ಚಿಸಿ, ಚುಚ್ಚಿಸ್ಕೊಳ್ಳೋ ಕೈ ಒಂದು ಸಡಿಲ ಇರ್ಲಿ, ಉಳಿದಿದ್ದೆಲ್ಲ ಬಿಗಿ.

ಇದನ್ನ ತಿಳಿದವರ ಎದುರಿಗೇ ಕಲಿಯೂದು ಒಳ್ಳೇದು, ಕಾರವಾರದ ಜಿಲ್ಲಾ ಆಸ್ಪತ್ರೆಲಿ ಮನೋರೋಗ ವಿಭಾಗದಲ್ಲಿ ಕೇಳು, ಇಲ್ಲಾಂದ್ರೆ ಧಾರವಾಡದ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್. ಅದಕ್ಕೂ ಮೊದ್ಲು ಸರ್ಕಾರದ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡು, ದುಡ್ಡು ಕೊಡೂದು ಬೇಡ, ಕನ್ನಡದಲ್ಲೇ ಮಾತಾಡ್ತ್ರು. ಫೋನು ಕೂಸಿನ ಕೈಲೇ ಕೊಡು, ನೀನು ಪಕ್ಕ ಕೂತ್ಕೊಂಡು ಉತ್ತರ ಹೇಳಬೇಡ.